ಡನಿಚ್‌ಗೆ ಬೈಸಿಕಲ್ ದಾರಿ

ಕಳೆದ ವರ್ಷ ಜುಲೈ ತಿಂಗಳ ಒಂದು ಭಾನುವಾರ. ಬೆಳಗಿನ ಜಾವ 4 ಗಂಟೆ. ಇಂಗ್ಲೆಂಡಿನ ಪೂರ್ವ ಕರಾವಳಿಯ ಸಫಕ್ ಪ್ರಾಂತದ ವೆಸಲ್‌ಟನ್ ಎಂಬ ಹಳ್ಳಿಯಲ್ಲಿ, ರಾತ್ರಿ ತಂಗಿದ್ದ ಹೋಟಲಿನ ಹಿತ್ತಲಿನಿಂದ ಬೈಸಿಕಲ್ಲನ್ನು ಮೆಲ್ಲಗೆ ತಳ್ಳಿಕೊಂಡು ಹೊರಕ್ಕೆ ಬಂದೆ. ಕಳ್ಳನ ಹಾಗೆ ಬಂದೆ ಎಂದರೂ ತಪ್ಪಾಗದು. ಬೇಸಿಗೆಯಲ್ಲಿ ಆ ನಾಡಿನಲ್ಲಿ 4 ಗಂಟೆಗೇ ದಾರಿ ಕಾಣುವಷ್ಟು ಬೆಳಕಾಗಿರುತ್ತದೆ. ಊರ ನಡುವಿನ ಹಸುರು ಬಯಲಿನ ಕೊಳದಲ್ಲಿ ಬಾತುಕೋಳಿಗಳು ಕತ್ತು ಮುದುರಿಕೊಂಡು ಇನ್ನೂ ಮಲಗಿದ್ದವು. ನಾನು ಹೊರಟಿದ್ದುದು 3 ಮೈಲಿ ದೂರದ ಡನಿಚ್‌ಗೆ, ಸಮುದ್ರದ ದಂಡೆಗೆ.

68 ವಯಸ್ಸಿನ ಮುದುಕನಿಗೆ ಇದೇಕೆ ಬೇಕಿತ್ತೆಂದು ಓದುಗರು ಕೇಳಬಹುದು. ಇಪ್ಸ್‌ವಿಚ್ ಪಟ್ಟಣದಲ್ಲಿರುವ ನನ್ನ ಮಗಳೂ ಅದನ್ನೇ ಕೇಳಿದಳು. "ಅಣ್ಣ, ಕಾರಿನಲ್ಲಿ ಕರೆದುಕೊಂಡು ಹೋಗಿ ಒಂದೇ ದಿನದಲ್ಲಿ ಎಲ್ಲಾ ತೋರಿಸಿಕೊಂಡು ಬರ್ತೀನಿ. ನಿಮಗ್ಯಾಕೆ ಈ ಸಾಹಸ?" ಅವಳಿಗೆ ಕೊಟ್ಟ ಉತ್ತರ ಏನೋ ಒಂದು. ನಿಜವಾದ ಕಾರಣ, ಅಳಿಯ ನೆರೆಯವರ ಷೆಡ್ಡಿನಿಂದ ಕೇಳಿ ತಂದುಕೊಟ್ಟಿದ್ದ ಹಳೆಯ ರ‍್ಯಾಲೆ ಬೈಸಿಕಲ್ಲು. ಹ್ಯಾಂಡಲಿನ ಕೆಳಗೆ, ಮುಂದಿನ ಕೊಳವೆಯ ಮೇಲೆ, ಉದ್ದ ಕೊಕ್ಕಿನ ಹಕ್ಕಿಯ ತಲೆಯಿರುವ ಲೋಹದ ಬಿಲ್ಲೆ. ಹಾಸನ ಜಿಲ್ಲೆಯ ಹೋಬಳಿ ಶಾಲೆಯೊಂದರಲ್ಲಿ ಮೇಷ್ಟರಾಗಿದ್ದ ನಮ್ಮ ತಂದೆಯವರ ಬೈಸಿಕಲ್ಲಿನ ಮೇಲೂ ಅದೇ ಹಕ್ಕಿ ಇತ್ತು. ಎರಡನೆಯ ಕೈಯದು, ಆದರೆ ನಾಟಿಂಗ್‌ಹ್ಯಾಮಿನಲ್ಲಿ ತಯಾರಾದದ್ದು. ಅದರ ಮೇಲೆ ಒಳಪೆಡಲು ತುಳಿದು ಮೊಣಕಾಲು ಸುಲಿದುಕೊಂಡು ನಾನು ಕಲಿತೆ. ಭಾನುವಾರ ಅದನ್ನು ತಲೆಕೆಳಗು ನಿಲ್ಲಿಸಿ ಎಣ್ಣೆ ಬಿಡುತ್ತ, "ಇದು ಹುಟ್ಟಿದ ದೇಶದಲ್ಲಿ ರಸ್ತೆಗಳು ಹೇಗಿರುತ್ತವೋ" ಎಂದು ನಮ್ಮ ತಂದೆ ಎಷ್ಟೋ ಸಲ ಅಂದದ್ದುಂಟು. ಅವರು ಮದರಾಸಿನಿಂದಾಚೆಗೆ ಹೋದವರಲ್ಲ.

ರಸ್ತೆ ಹೇಗಿತ್ತೆಂದರೆ, ರಸ್ತೆಯೆನ್ನುವುದಕ್ಕಿಂತ ಓಣಿ ಎನ್ನುವುದೇ ಸರಿ. ಒಂದು ಕಾರು ಬಂದರೆ ಇನ್ನೊಂದು ಬೇಲಿಗೆ ಒತ್ತಿಕೊಂಡು ನಿಲ್ಲಬೇಕು. ಎರಡು ಕಡೆಯೂ ಎದೆಯೆತ್ತರದ ಮುಳ್ಳುಬೇಲಿ, ಅದರಾಚೆ ಕೊಯ್ಲಿಗೆ ಬಂದ ಬಾರ್ಲಿ ಹೊಲ, ಆಮೇಲೆ ಮರಳುನೆಲದ ಕುರುಚಲು ಬಯಲು. ಆ ಬಯಲಿನ ತುಂಬ ಆಗತಾನೆ ನೇರಳೆ ಬಣ್ಣ ಏರುತ್ತಿದ್ದ ಹೆದರ್ ಗಿಡಗಳು. ಚಕ್ರ ಉರುಳುವ ಸದ್ದು, ಎಲ್ಲಿಯೋ ಒಂದು ಬಾನಾಡಿಯ ಕೂಗು, ಮತ್ತೇನೂ ಇಲ್ಲ. 34 ವರ್ಷ ಕಾಲೇಜಿನಲ್ಲಿ ಚರಿತ್ರೆ ಹೇಳಿದ ಚಟ ಸುಮ್ಮನೆ ಬಿಡುವುದಿಲ್ಲ. ಜಗತ್ತಿನಲ್ಲಿ ಯಂತ್ರಗಳನ್ನು ಮೊದಲು ಓಡಿಸಿದ ಈ ದೇಶದಲ್ಲಿ, ಲಂಡನ್ನಿನಿಂದ ನೂರು ಮೈಲಿಯೊಳಗೆ, ಇಂಥ ಮೌನ ಹೇಗೆ ಉಳಿಯಿತು? ಇಂಗ್ಲೆಂಡಿನ ಹಳ್ಳಿಗಾಡಿನ ಶಾಂತಿಯನ್ನು ಹೊಗಳಿದ ಪ್ರವಾಸಕಥನಗಳನ್ನು ನಾನೂ ಓದಿದ್ದೇನೆ. ಆ ಶಾಂತಿ ಪ್ರಕೃತಿಯ ಕೊಡುಗೆಯೆಂಬಂತೆ ಅವು ಬರೆಯುತ್ತವೆ. ನನಗೇನೋ ಆ ಮಾತು ಒಪ್ಪಿಗೆಯಿಲ್ಲ.

ಇನ್ನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಹೆದ್ದಾರಿಗಳು ಗದ್ದಲದ ದಾರಿಗಳಾಗಿದ್ದವು. ಸುಂಕದ ಕಟ್ಟೆಗಳಲ್ಲಿ ಹಣ ವಸೂಲು ಮಾಡಿ ರಸ್ತೆ ನೋಡಿಕೊಳ್ಳುವ ಮಂಡಲಿಗಳು 1830ರ ದಶಕದಲ್ಲಿ ಸಾವಿರಕ್ಕೂ ಹೆಚ್ಚಾಗಿದ್ದವು. ಅವುಗಳ ಕೈಕೆಳಗೆ 20 ಸಾವಿರ ಮೈಲಿಗೂ ಮೀರಿದ ರಸ್ತೆಯಿತ್ತು. ಟಪಾಲು ಗಾಡಿ, ಸಾರೋಟು, ಸಂತೆಗೆ ಹೊಡೆದುಕೊಂಡು ಹೋಗುವ ದನಕುರಿಗಳ ಹಿಂಡು, ಹತ್ತು ಹನ್ನೆರಡು ಮೈಲಿಗೊಂದು ಕುದುರೆ ಬದಲಿಸುವ ಛತ್ರ. ಅಷ್ಟರಲ್ಲಿ ರೈಲು ಬಂತು. ಇಪ್ಸ್‌ವಿಚ್ಚಿನಿಂದ ಉತ್ತರಕ್ಕೆ ಹೋಗುವ ಪೂರ್ವ ಸಫಕ್ ರೈಲುದಾರಿ 1859ರಲ್ಲಿ ತೆರೆಯಿತು. ಕೆಲವೇ ವರ್ಷಗಳಲ್ಲಿ ಸಾರೋಟುಗಳು ನಿಂತವು, ಛತ್ರಗಳಿಗೆ ಬೀಗ ಬಿತ್ತು, ರಸ್ತೆಯ ನಡುವೆ ಹುಲ್ಲು ಬೆಳೆಯಿತು. ಸುಂಕದ ಮಂಡಲಿಗಳು ಒಂದೊಂದಾಗಿ ಮುಳುಗಿ, 1895ರಲ್ಲಿ ಕೊನೆಯದೂ ಹೋಯಿತು. ಇದು ಸಾಲದೆಂಬಂತೆ 1870ರ ದಶಕದ ತರುವಾಯ ಅಮೆರಿಕದ ಅಗ್ಗದ ಗೋಧಿ ಹಡಗುಗಳಲ್ಲಿ ಬಂದು ಇಳಿಯಿತು. ಗೋಧಿಯನ್ನೇ ನಂಬಿದ್ದ ಸಫಕ್ಕಿನ ರೈತರು ನೆಲಕಚ್ಚಿದರು. ಕೂಲಿಯವರು ಲಂಡನ್ನಿಗೂ ಕೆನಡಕ್ಕೂ ಹೊರಟುಹೋದರು. ನಾನು ಆ ಬೆಳಿಗ್ಗೆ ಸವಿದ ನಿಶ್ಶಬ್ದದ ಮೊದಲ ಕಂತು ಇದು: ಕೆಲಸ ಕಳೆದುಕೊಂಡವರು ಬಿಟ್ಟುಹೋದ ನಿಶ್ಶಬ್ದ.

ಹೀಗೆ ಬರಿದಾಗಿ ಬಿದ್ದಿದ್ದ ದಾರಿಗೆ ಬೈಸಿಕಲ್ಲು ಬಂತು. ಅದು ಹುಟ್ಟಿದ ಬಗೆಯೂ ಇಂಥದೇ. ಕವೆಂಟ್ರಿ ಪಟ್ಟಣ ರೇಷ್ಮೆ ರಿಬ್ಬನ್ನು ನೇಯ್ದು ಬದುಕುತ್ತಿತ್ತು. 1860ರಲ್ಲಿ ಫ್ರಾನ್ಸಿನೊಡನೆ ಆದ ವ್ಯಾಪಾರದ ಒಪ್ಪಂದದಿಂದ ಆ ಕಸುಬು ಮಣ್ಣುಗೂಡಿತು. ಹೊಟ್ಟೆಪಾಡಿಗೆ ಅಲ್ಲಿಯ ಕುಶಲಿಗಳು ಹೊಲಿಗೆ ಯಂತ್ರಕ್ಕೆ ಕೈಹಾಕಿದರು, ಅದರಿಂದ ಬೈಸಿಕಲ್ಲಿಗೆ ಬಂದರು. ಮೊದಲು ಬಂದದ್ದು ಮುಂದೆ ಆಳೆತ್ತರದ ಚಕ್ರ, ಹಿಂದೆ ಪುಟ್ಟ ಚಕ್ರ ಇದ್ದ ವಿಚಿತ್ರ ವಾಹನ; ಗಟ್ಟಿ ಕಾಲಿನ, ಗಟ್ಟಿ ಜೇಬಿನ ಯುವಕರು ಮಾತ್ರ ಹತ್ತುತ್ತಿದ್ದದ್ದು. ಬಿದ್ದರೆ ತಲೆಯೇ ಮೊದಲು ನೆಲ ಮುಟ್ಟುತ್ತಿತ್ತು. 1885ರಲ್ಲಿ ಅದೇ ಕವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲೆ ಎರಡೂ ಚಕ್ರ ಹೆಚ್ಚುಕಡಿಮೆ ಒಂದೇ ಅಳತೆಯವಾಗಿ, ಹಿಂದಿನ ಚಕ್ರಕ್ಕೆ ಸರಪಳಿ ಜೋಡಿಸಿದ 'ರೋವರ್' ಬೈಸಿಕಲ್ಲನ್ನು ಹೊರತಂದ. ನಮ್ಮ ಬೀದಿಗಳಲ್ಲಿ ಹಾಲಿನವನು ತುಳಿದುಕೊಂಡು ಬರುವ ಸೈಕಲ್ಲೂ ಅದರ ವಂಶದ್ದೇ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟು ಪಡೆದ. ಮೂಳೆ ಅಲುಗಾಡಿಸುತ್ತಿದ್ದ ವಾಹನ ಮೆತ್ತಗೆ, ಸದ್ದಿಲ್ಲದೆ ಓಡತೊಡಗಿತು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಆ ಮೆತ್ತನೆಯ ಟೈರಿಗೆ ರಬ್ಬರು ಬೇಕಿತ್ತು, ಅದೂ ಕೂಡಲೆ ಬೇಕಿತ್ತು. ತೋಟದ ರಬ್ಬರು ಇನ್ನೂ ಬಂದಿರಲಿಲ್ಲ. ಕಾಡಿನ ರಬ್ಬರೇ ಗತಿ. ಬೆಲ್ಜಿಯಮ್ಮಿನ ದೊರೆ ಲಿಯೊಪೋಲ್ಡನ ಕಾಂಗೋ ಸಂಸ್ಥಾನದಲ್ಲಿ, ಹೇಳಿದಷ್ಟು ರಬ್ಬರು ತರದವರ ಊರುಗಳನ್ನು ಸುಟ್ಟರು, ಕೈ ಕತ್ತರಿಸಿದರು. ಬ್ರಿಟಿಷ್ ಕಾನ್ಸಲ್ ರೋಜರ್ ಕೇಸ್‌ಮೆಂಟನ ವರದಿ 1904ರಲ್ಲಿ ಅಚ್ಚಾದಾಗ ಜಗತ್ತಿಗೆ ಅದರ ನಿಜರೂಪ ತಿಳಿಯಿತು. 1890ರ ದಶಕದ ಇಂಗ್ಲಿಷ್ ಗುಮಾಸ್ತ ಭಾನುವಾರದ ಬಿಸಿಲಿನಲ್ಲಿ ಶಿಳ್ಳೆ ಹಾಕುತ್ತ ಹೋಗುವಾಗ ಇದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿರುವ ನಮಗೆ ಆ ದೃಶ್ಯವನ್ನು ಅವನಷ್ಟೇ ನಿಶ್ಚಿಂತೆಯಿಂದ ನೋಡುವುದು ಸಾಧ್ಯವಿಲ್ಲ.

ಆದರೂ ಆ ಗುಮಾಸ್ತನನ್ನು ನಾನು ಮೆಚ್ಚುತ್ತೇನೆ. ವಾರಕ್ಕೆ ಆರು ದಿನ, ದಿನಕ್ಕೆ ಹತ್ತು ಹನ್ನೆರಡು ಗಂಟೆ ಅಂಗಡಿಯ ಕಟ್ಟೆಯ ಹಿಂದೆ ನಿಂತು ಬಟ್ಟೆ ಅಳೆಯುವವನು. ಮಾಲೀಕ ಕೊಟ್ಟ ಅಟ್ಟದ ಕೋಣೆಯಲ್ಲಿ ನಾಲ್ಕಾರು ಜನರೊಡನೆ ಮಲಗುವವನು. ಕುದುರೆ ಅವನ ಕನಸಿಗೂ ನಿಲುಕದು. ರೈಲು ಹತ್ತಿದರೆ ಅದು ಕರೆದೊಯ್ದ ಕಡೆಗೇ ಹೋಗಬೇಕು, ಅದು ಬಿಟ್ಟ ಹೊತ್ತಿಗೇ ಮರಳಬೇಕು. ಒಳ್ಳೆಯ ಬೈಸಿಕಲ್ಲಿಗೆ 1895ರ ಸುಮಾರಿನಲ್ಲಿ 10ರಿಂದ 20 ಪೌಂಡು ಬೆಲೆ. ಅದು ಅವನಿಗೆ ತಿಂಗಳುಗಟ್ಟಲೆಯ ಸಂಬಳ. ಆದರೆ ಕಂತಿನ ಮೇಲೆ ಸಿಗುತ್ತಿತ್ತು, ಹಳೆಯದು ಅರ್ಧ ಬೆಲೆಗೆ ಸಿಗುತ್ತಿತ್ತು, ಆ ದಶಕದ ಕೊನೆಗೆ ಕಾರ್ಖಾನೆಗಳು ಅತಿಯಾಗಿ ತಯಾರಿಸಿ ಕೈಸುಟ್ಟುಕೊಂಡಾಗ ಹೊಸದೂ ಅಗ್ಗವಾಯಿತು. ಎಚ್. ಜಿ. ವೆಲ್ಸ್ 1896ರಲ್ಲಿ 'ದಿ ವೀಲ್ಸ್ ಆಫ್ ಚಾನ್ಸ್' ಎಂಬ ಕಾದಂಬರಿಯನ್ನೇ ಇಂಥವನ ಮೇಲೆ ಬರೆದರು. ಅದರ ನಾಯಕ ಹೂಪ್‌ಡ್ರೈವರ್ ಲಂಡನ್ನಿನ ಬಟ್ಟೆ ಅಂಗಡಿಯ ನೌಕರ. ವರ್ಷಕ್ಕೊಮ್ಮೆಯ ರಜೆಯಲ್ಲಿ ಬೈಸಿಕಲ್ಲೇರಿ ಸರ‍್ರೆ, ಸಸೆಕ್ಸ್ ಹಳ್ಳಿಗಳನ್ನು ಹಾದು ದಕ್ಷಿಣದ ಕಡಲತೀರಕ್ಕೆ ಹೋಗುತ್ತಾನೆ. ವೆಲ್ಸ್ ತಾವೇ ಎಳೆತನದಲ್ಲಿ ಬಟ್ಟೆ ಅಂಗಡಿಯಲ್ಲಿ ಕೆಲಸ ಕಲಿಯಲು ನಿಂತು ನರಳಿದವರು. ಆದ್ದರಿಂದ ಆ ಪುಸ್ತಕದಲ್ಲಿ ನಗುವಿದ್ದರೂ ಹೀಯಾಳಿಕೆ ಇಲ್ಲ.

ಈ ಜನ ಸಂಘ ಕಟ್ಟಿಕೊಂಡರು. 1878ರಲ್ಲಿ ಹ್ಯಾರೊಗೇಟಿನಲ್ಲಿ ಹುಟ್ಟಿದ ಬೈಸಿಕಲ್ ಪ್ರವಾಸಿಗಳ ಸಂಘಕ್ಕೆ 1899ರಲ್ಲಿ 60 ಸಾವಿರಕ್ಕೂ ಹೆಚ್ಚು ಸದಸ್ಯರಿದ್ದರು. ರೆಕ್ಕೆಯಿರುವ ಚಕ್ರ ಅದರ ಗುರುತು. ಬೀಗ ಬಿದ್ದಿದ್ದ ಹಳೆಯ ಛತ್ರಗಳ ಒಡೆಯರೊಡನೆ ಸಂಘ ಒಪ್ಪಂದ ಮಾಡಿಕೊಂಡು, ಸದಸ್ಯರಿಗೆ ಇಷ್ಟು ದರಕ್ಕೆ ಊಟ, ಇಷ್ಟಕ್ಕೆ ಹಾಸಿಗೆ ಎಂದು ಗೊತ್ತುಮಾಡಿತು. ಒಪ್ಪಿದ ಛತ್ರದ ಗೋಡೆಗೆ ರೆಕ್ಕೆಚಕ್ರದ ಎರಕದ ಫಲಕ ಹಾಕಿತು. ಕೆಲವು ಫಲಕಗಳು ಈಗಲೂ ಗೋಡೆಗಳಲ್ಲಿವೆ. ಕಡಿದಾದ ಇಳಿಜಾರುಗಳ ತಲೆಯಲ್ಲಿ ಅಪಾಯದ ಸೂಚನೆಯ ಹಲಗೆ ನೆಟ್ಟವರೂ ಬೈಸಿಕಲ್ಲಿನವರೇ. ಬಾರ್ತೊಲೊಮ್ಯೂ ಕಂಪೆನಿಯ ಹೆಸರಾಂತ ಭೂಪಟಗಳನ್ನು ತಿದ್ದಲು ಈ ಸಂಘದ ಸದಸ್ಯರು ಓಣಿ ಓಣಿ ಸುತ್ತಿ ವಿವರ ಬರೆದು ಕಳಿಸುತ್ತಿದ್ದರು. 1894ರಲ್ಲಿ ಬರ್ಮಿಂಗ್‌ಹ್ಯಾಮಿನ ಸಮಾಜವಾದಿ ಯುವಕರು 'ಕ್ಲೇರಿಯನ್' ಪತ್ರಿಕೆಯ ಹೆಸರಿನಲ್ಲಿ ಬೇರೊಂದು ಸಂಘ ಕಟ್ಟಿ, ಹಳ್ಳಿಗಳಲ್ಲಿ ಪತ್ರಿಕೆ ಹಂಚುತ್ತ ಭಾಷಣ ಮಾಡುತ್ತ ತಿರುಗಿದರು. ಎಲ್ಲರೂ ಸಮಾಜವಾದಿಗಳಲ್ಲ, ಎಲ್ಲರೂ ಬಡವರೂ ಅಲ್ಲ. ಸಂಘದಲ್ಲಿ ಜಂಬದ ದೊಡ್ಡಮನುಷ್ಯರೂ ಬೇಕಾದಷ್ಟಿದ್ದರು. ಆದರೆ ದಾರಿಯ ಮೇಲೆ ಒಂದೇ ಧೂಳು ಎಲ್ಲರ ಮೇಲೂ ಕೂರುತ್ತಿತ್ತು.

ಹಳ್ಳಿಯವರು ಇವರನ್ನು ಆರತಿ ಎತ್ತಿ ಬರಮಾಡಿಕೊಂಡರೆಂದು ತಿಳಿಯಬಾರದು. ಸಾರೋಟಿನವನ ಚಾವಟಿ, ಹುಡುಗರ ಕಲ್ಲು, ಚಕ್ರದ ಕಡ್ಡಿಗಳ ನಡುವೆ ತೂರಿಸಿದ ಕೋಲು, ಎಲ್ಲವನ್ನೂ ಅವರು ಕಂಡರು. ಬೈಸಿಕಲ್ಲಿಗೆ ರಸ್ತೆಯ ಮೇಲೆ ಹಕ್ಕಿದೆಯೇ ಎಂಬುದೇ ಇತ್ಯರ್ಥವಾಗಿರಲಿಲ್ಲ. ಕೊನೆಗೆ 1888ರ ಸ್ಥಳೀಯ ಆಡಳಿತ ಶಾಸನ ಬೈಸಿಕಲ್ಲೂ ಒಂದು ಗಾಡಿಯೇ ಎಂದು ಸಾರಿತು. ರಾತ್ರಿ ದೀಪ ಬೇಕು, ಜನರನ್ನೋ ಗಾಡಿಯನ್ನೋ ದಾಟುವಾಗ ಗಂಟೆ ಬಾರಿಸಿ ಎಚ್ಚರಿಸಬೇಕು ಎಂಬ ಕಟ್ಟಳೆಗಳೊಡನೆ ಹಕ್ಕೂ ಸಿಕ್ಕಿತು. ನಮ್ಮೂರಿನಲ್ಲಿ ದೀಪವಿಲ್ಲದ ಸೈಕಲ್ಲಿಗೆ ಪೋಲೀಸಿನವನು ಗಾಳಿ ಬಿಟ್ಟು ಕಳಿಸುತ್ತಿದ್ದುದು ನನಗೆ ನೆನಪಾಗುತ್ತದೆ. ಅವನಿಗೆ ಆ ಅಧಿಕಾರ ಎಲ್ಲಿಂದ ಬಂದಿತ್ತೋ!

ಹೆಂಗಸರ ಪಾಡು ಇನ್ನೂ ಸ್ವಾರಸ್ಯದ್ದು. ನೆಲ ಗುಡಿಸುವ ಉದ್ದ ಲಂಗ ಸರಪಳಿಗೆ ಸಿಕ್ಕರೆ ಪ್ರಾಣಕ್ಕೇ ಸಂಚಕಾರ. ಆದ್ದರಿಂದ ಕೆಲವರು ಮೊಣಕಾಲಿನ ಕೆಳಗೆ ಬಿಗಿದ ದೊಗಳೆ ಚಲ್ಲಣ ತೊಟ್ಟರು. 1881ರಲ್ಲಿಯೇ ಉಡುಪಿನ ಸುಧಾರಣೆಗೆಂದು ಸಂಘ ಕಟ್ಟಿದ್ದ ಲೇಡಿ ಹಾರ್ಬರ್ಟನ್ 1898ರ ಅಕ್ಟೋಬರಿನಲ್ಲಿ ಹೀಗೆ ಚಲ್ಲಣ ತೊಟ್ಟು ಸರ‍್ರೆ ಪ್ರಾಂತದ ಆಕಮ್ ಎಂಬ ಹಳ್ಳಿಯ ಹಾಟ್‌ಬಾಯ್ ಹೋಟಲಿಗೆ ಬೈಸಿಕಲ್ಲಿನಲ್ಲಿ ಬಂದರು. ಗೋಡೆಯ ಮೇಲೆ ರೆಕ್ಕೆಚಕ್ರದ ಫಲಕವಿದ್ದ ಹೋಟಲು ಅದು. ಆ ವೇಷದಲ್ಲಿ ಮರ್ಯಾದಸ್ಥರ ಕೋಣೆಗೆ ಬರಕೂಡದು, ಬೇಕಾದರೆ ಗಂಡಸರು ಹೆಂಡ ಕುಡಿಯುವ ಕಡೆ ಕೂತು ತಿನ್ನಬಹುದು ಎಂದಳು ಹೋಟಲಿನ ಒಡತಿ. ಆ ಕಡೆಯನ್ನು ಇಣುಕಿ ನೋಡಿದ ಲೇಡಿ ಹಾರ್ಬರ್ಟನ್, ಊಟ ಮಾಡದೆ ಹೊರಟುಹೋದರು. ಪ್ರವಾಸಿಗಳ ಸಂಘ ಆಕೆಯ ಪರವಾಗಿ ದಾವಾ ಹೂಡಿತು. ಛತ್ರದವರು ದಾರಿಹೋಕರಿಗೆ ಅನ್ನವನ್ನೂ ನೆಲೆಯನ್ನೂ ನಿರಾಕರಿಸಕೂಡದೆಂಬುದು ಇಂಗ್ಲೆಂಡಿನ ಹಳೆಯ ನ್ಯಾಯ. 1899ರ ಏಪ್ರಿಲಿನಲ್ಲಿ ಜ್ಯೂರಿಯವರು ತೀರ್ಪು ಕೊಟ್ಟರು: ಊಟವನ್ನು ನಿರಾಕರಿಸಿಲ್ಲ, ಬೇರೆ ಕೋಣೆ ತೋರಿಸಿದ್ದಾರೆ, ಅಪರಾಧವಿಲ್ಲ. ಮೊಕದ್ದಮೆ ಸೋತಿತು. ಚಲ್ಲಣ ಮಾತ್ರ ನಿಲ್ಲಲಿಲ್ಲ. ಎದುರು ಬಾಗಿಲಿನಿಂದ ಬಿಡದೆ "ಹಿಂದಿನ ಕಡೆಗೆ ಎಲೆ ಹಾಕಿದೆಯಲ್ಲ" ಎನ್ನುವ ನ್ಯಾಯ ನಮಗೇನೂ ಹೊಸದಲ್ಲ.

ಈಗ ಈ ಕಥೆಯಲ್ಲಿ ನನ್ನನ್ನು ಬಹಳ ಕಾಡಿದ ಭಾಗಕ್ಕೆ ಬರುತ್ತೇನೆ. ಬೇಸಿಗೆಯಲ್ಲಿ ಧೂಳು, ಮಳೆಯಲ್ಲಿ ಕೆಸರು, ವರ್ಷವಿಡೀ ಚೂಪುಗಲ್ಲು. ಬೈಸಿಕಲ್ಲಿನವನಿಗಿಂತ ಚೆನ್ನಾಗಿ ರಸ್ತೆಯ ಕಷ್ಟ ಬಲ್ಲವರಾರು? 1886ರಲ್ಲಿಯೇ, ಇಂಗ್ಲೆಂಡಿನಲ್ಲಿ ಮೋಟಾರು ಕಾರು ಕಾಣಿಸಿಕೊಳ್ಳುವ ಮೊದಲೇ, ಬೈಸಿಕಲ್ ಸಂಘಗಳು ಸೇರಿ ರಸ್ತೆ ಸುಧಾರಣೆಯ ಸಂಘವನ್ನು ಸ್ಥಾಪಿಸಿದವು. ರಸ್ತೆ ಕಟ್ಟುವ ರೀತಿಯನ್ನು ಕುರಿತು ಪುಸ್ತಿಕೆ ಅಚ್ಚು ಹಾಕಿದರು, ಅಧಿಕಾರಿಗಳ ಬೆನ್ನುಹತ್ತಿದರು. ಈ ಸಂಘಕ್ಕೆ 1901ರಲ್ಲಿ ಕಾರ್ಯದರ್ಶಿಯಾದ ರೀಸ್ ಜೆಫ್ರಿಸ್ ಬೈಸಿಕಲ್ ತುಳಿದು ರಸ್ತೆಯ ಹುಚ್ಚು ಹತ್ತಿಸಿಕೊಂಡವರು. ಮುಂದೆ ಸರ್ಕಾರ ದೇಶಕ್ಕೆಲ್ಲ ಒಂದು ರಸ್ತೆ ಮಂಡಲಿ ನೇಮಿಸಿದಾಗ ಅದಕ್ಕೂ ಅವರೇ ಕಾರ್ಯದರ್ಶಿ. 1902ರಲ್ಲಿ ನಾಟಿಂಗ್‌ಹ್ಯಾಮ್ ಪ್ರಾಂತದ ಎಂಜಿನಿಯರು ಹೂಲಿ ಟಾರು ಬೆರೆಸಿದ ಜಲ್ಲಿಗೆ ಪೇಟೆಂಟು ಪಡೆದ ಮೇಲೆ, ಊರಿಂದೂರಿಗೆ ನುಣುಪಾದ ಕಪ್ಪು ರಸ್ತೆ ಹಬ್ಬಿತು. ಬೈಸಿಕಲ್ಲಿನವರು ಕೇಳಿದ್ದೆಲ್ಲ ಸಿಕ್ಕಿತು. ಆದರೆ ಅದು ಸಿಗುವ ಹೊತ್ತಿಗೆ ಮೋಟಾರು ಬಂದಿತ್ತು. ಮದುವೆಗೆಂದು ಚಪ್ಪರ ಹಾಕಿದವರು ಇವರು, ಬಂದು ಹಸೆಯ ಮೇಲೆ ಕೂತದ್ದು ಬೇರೊಬ್ಬ ವರ!

1903ರಲ್ಲಿ ಗಂಟೆಗೆ 20 ಮೈಲಿ ಎಂದಿದ್ದ ಕಾರಿನ ವೇಗದ ಮಿತಿಯನ್ನು 1930ರಲ್ಲಿ ತೆಗೆದೇ ಹಾಕಿದರು. 1934ರಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ 7,343 ಜನ ಸತ್ತರು. ಅದೇ ವರ್ಷ ಡಿಸೆಂಬರಿನಲ್ಲಿ ಲಂಡನ್ನಿನ ಪಶ್ಚಿಮಕ್ಕೆ ಬೈಸಿಕಲ್ಲಿಗೆಂದೇ ಬೇರೆ ದಾರಿ ಕಟ್ಟಿ ಮಂತ್ರಿಗಳು ಉದ್ಘಾಟಿಸಿದಾಗ, ಅದನ್ನು ಬಲವಾಗಿ ವಿರೋಧಿಸಿದವರು ಬೈಸಿಕಲ್ ಸಂಘದವರೇ! ಇದು ಮೊದಲು ನನಗೆ ವಿಚಿತ್ರವಾಗಿ ಕಂಡಿತು. ಯೋಚಿಸಿದ ಮೇಲೆ ಅವರ ಸಂಕಟ ತಿಳಿಯಿತು. ಇವತ್ತು ಪಕ್ಕದಲ್ಲಿ ಓಣಿ ಕೊಡುವವರು ನಾಳೆ ರಸ್ತೆಗೇ ಬರಬೇಡ ಎನ್ನುತ್ತಾರೆ ಎಂದು ಅವರು ಹೆದರಿದರು. ತಾವು ಮಾಡಿಸಿದ ರಸ್ತೆಯಲ್ಲಿ ತಾವೇ ಬಾಡಿಗೆದಾರರಾಗುವ ಭಯ. ಆದರೆ ಹಟ ಹಿಡಿದು ಬೇರೆ ದಾರಿಯನ್ನೇ ಬೇಡವೆಂದದ್ದು ವಿವೇಕವಾಗಿತ್ತೆಂದು ಹೇಳಲಾರೆ. ಡಚ್ಚರು ಬೇರೆ ದಾರಿ ಕಟ್ಟಿ ಏನು ಸಾಧಿಸಿದರೆಂಬುದು ಕಣ್ಣೆದುರಿಗಿದೆ.

ಪಂದ್ಯಗಳ ಕಥೆ ಇದಕ್ಕಿಂತ ವಿಚಿತ್ರ. ಫ್ರಾನ್ಸಿನಲ್ಲಿ, ಇಟಲಿಯಲ್ಲಿ ರಸ್ತೆಯ ಪಂದ್ಯವೆಂದರೆ ಜಾತ್ರೆ. ಇಂಗ್ಲೆಂಡಿನಲ್ಲಿ ಅದು ಗುಟ್ಟಿನ ವ್ರತ. 1894ರಲ್ಲಿ ಉತ್ತರದ ಹೆದ್ದಾರಿಯ ಒಂದು ಪಂದ್ಯದಲ್ಲಿ ಕುದುರೆ ಬೆದರಿ ಸವಾರರು ಉರುಳಿ ರಂಪವಾದ ಮೇಲೆ, ಎಲ್ಲಿ ಪೋಲೀಸರು ಬೈಸಿಕಲ್ಲನ್ನೇ ರಸ್ತೆಯಿಂದ ಓಡಿಸುತ್ತಾರೋ ಎಂದು ಹೆದರಿ, ರಾಷ್ಟ್ರೀಯ ಸಂಘ ಗುಂಪಿನ ಪಂದ್ಯಗಳನ್ನು ನಿಷೇಧಿಸಿತು. ಆಗ ಬಿಡ್‌ಲೇಕ್ ಎಂಬಾತ ಒಂದು ಉಪಾಯ ಹೂಡಿದ. ಸವಾರರನ್ನು ಒಬ್ಬೊಬ್ಬರಾಗಿ, ನಡುವೆ ಬಿಡುವು ಕೊಟ್ಟು ಕಳಿಸುವುದು. ಯಾರು ಮೊದಲು ಬಂದರೆಂದು ನೋಡದೆ ಗಡಿಯಾರ ನೋಡಿ ತೀರ್ಮಾನಿಸುವುದು. 1895ರ ಅಕ್ಟೋಬರಿನಲ್ಲಿ ಇಂಥ ಮೊದಲ ಪಂದ್ಯ ನಡೆಯಿತು. ಕಪ್ಪು ಉಡುಪು, ಬೆಳಗಿನ ಜಾವದ ಹೊತ್ತು, ಪತ್ರಿಕೆಗೆ ಮುಂಚಿತವಾಗಿ ಸುದ್ದಿಯಿಲ್ಲ, ಜಾಗದ ಹೆಸರಿಗೆ ಬದಲು ಅಕ್ಷರ ಮತ್ತು ಅಂಕಿಯ ಗುಪ್ತಸಂಕೇತ. ಆ ಸಂಕೇತಗಳು ಇಂದಿಗೂ ಬಳಕೆಯಲ್ಲಿವೆ. 1942ರ ಜೂನಿನಲ್ಲಿ ಪರ್ಸಿ ಸ್ಟಾಲರ್ಡ್ ಎಂಬ ವುಲ್ವರ್‌ಹ್ಯಾಂಪ್ಟನ್ನಿನವನು ಪೋಲೀಸರನ್ನೇ ಕೇಳಿಕೊಂಡು, ಸುಮಾರು 40 ಸವಾರರ ಬಹಿರಂಗ ಪಂದ್ಯವನ್ನು ವೇಲ್ಸಿನ ಲಾಂಗೊಲೆನ್ನಿನಿಂದ ತನ್ನೂರಿಗೆ ನಡೆಸಿಬಿಟ್ಟ. ಸಂಘ ಅವನನ್ನು ಹೊರಗೆ ಹಾಕಿತು. ಜಗಳ ತೀರಿ ಎರಡು ಬಣಗಳೂ ಒಂದಾಗಲು 1959 ಬರಬೇಕಾಯಿತು. ಅಂದಹಾಗೆ, ರಸ್ತೆಯಲ್ಲಿ ಯಾರಿಗೂ ತೊಂದರೆಯಾಗದಿರಲೆಂದು ಇಷ್ಟೆಲ್ಲ ಮಾಡಿದ ಬಿಡ್‌ಲೇಕ್ 1933ರಲ್ಲಿ ಬೈಸಿಕಲ್ಲಿನಲ್ಲಿ ಹೋಗುವಾಗ ಕಾರಿಗೆ ಸಿಕ್ಕಿ, ಆ ಗಾಯದಿಂದಲೇ ತೀರಿಕೊಂಡ.

ಯುದ್ಧಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂತು, 1950ರವರೆಗೂ ಇತ್ತು. ದಾರಿಗಳು ಮತ್ತೊಮ್ಮೆ ಬೈಸಿಕಲ್ಲಿನವಾದವು. ಆದರೆ ಸಫಕ್ಕಿನ ತೀರದಲ್ಲಿ ಮುಳ್ಳುತಂತಿ, ನೆಲಬಾಂಬು. 1940ರಲ್ಲಿ ಜರ್ಮನರು ಇಳಿದರೆ ದಾರಿ ತಿಳಿಯದಿರಲೆಂದು ಕೈಮರಗಳನ್ನೆಲ್ಲ ಕಿತ್ತುಹಾಕಿದ್ದರು. 1949ರಲ್ಲಿ ಬ್ರಿಟನ್ನಿನವರು ಬೈಸಿಕಲ್ ಮೇಲೆ ಸುಮಾರು 2,360 ಕೋಟಿ ಕಿಲೋಮೀಟರು ಓಡಾಡಿದರು. ಕಾರುಗಳು ಓಡಿದ ದೂರಕ್ಕಿಂತ ಅದು ಹೆಚ್ಚು. 1973ರ ಹೊತ್ತಿಗೆ ಅದು ಸುಮಾರು 370 ಕೋಟಿಗೆ ಇಳಿದಿತ್ತು. ಕಾಲು ಶತಮಾನದಲ್ಲಿ ಒಂದು ಜನಾಂಗದ ಅಭ್ಯಾಸವೇ ಹೀಗೆ ಕುಸಿದ ಉದಾಹರಣೆಗಳು ಚರಿತ್ರೆಯಲ್ಲಿ ಕಡಿಮೆ. ನಮ್ಮ ತಂದೆಯವರ ಬೈಸಿಕಲ್ಲು ತಯಾರಾದ ನಾಟಿಂಗ್‌ಹ್ಯಾಮಿನ ಕಾರ್ಖಾನೆಯಲ್ಲಿ 2002ರಲ್ಲಿ ಕೆಲಸ ನಿಂತಿತು. ಹೊಸ ಹೆದ್ದಾರಿಗಳು ಕಾರುಗಳನ್ನು ತಮ್ಮ ಕಡೆಗೆ ಎಳೆದುಕೊಂಡವು, ಹಳೆಯ ಓಣಿಗಳು ಮೂಲೆಗುಂಪಾದವು. ನಿಶ್ಶಬ್ದದ ಎರಡನೆಯ ಕಂತು ಹೀಗೆ ಬಂತು. ಈಗ ಅದನ್ನು ಕಾಪಾಡಲು ಕಾನೂನೇ ಇದೆ: 2000ದ ಸಾರಿಗೆ ಕಾಯಿದೆಯಂತೆ ಕೆಲವು ಓಣಿಗಳನ್ನು 'ಶಾಂತ ಓಣಿ' ಎಂದು ಘೋಷಿಸಬಹುದು. ಸಫಕ್ಕಿನಲ್ಲಿ ಇಂಥ ಫಲಕಗಳನ್ನು ಕಂಡೆ. ಆ ಫಲಕದ ಪಕ್ಕದಲ್ಲಿಯೇ ಎರಡು ದಿನ ಹಿಂದೆ ಒಂದು ಲಾರಿ ನನ್ನನ್ನು ಬೇಲಿಯೊಳಗೆ ಒತ್ತಿ ಹೋಗಿ, ಮೊಣಕೈಗೆ ಪಟ್ಟಿ ಬಿದ್ದಿತ್ತು. ಮಗಳಿಗೆ ಬಾಗಿಲು ತಗುಲಿತೆಂದು ಹೇಳಿದ್ದೆ.

ಡನಿಚ್ ಹತ್ತಿರವಾದಂತೆ ನನ್ನ ಏಕಾಂತ ಮುರಿಯಿತು. ಇನ್ನೊಂದು ಓಣಿಯಿಂದ ಸಣ್ಣ ಸಣ್ಣ ದೀಪಗಳು ಒಂದರ ಹಿಂದೊಂದು ಬರುತ್ತಿದ್ದವು. 1990ರ ದಶಕದ ಆರಂಭದಿಂದ ನಡೆದುಬಂದಿರುವ ಒಂದು ಪದ್ಧತಿ ಇದು. ಜುಲೈ ಹುಣ್ಣಿಮೆಯ ಹತ್ತಿರದ ಶನಿವಾರ ಸಂಜೆ ಲಂಡನ್ನಿನ ಹ್ಯಾಕ್ನಿಯಲ್ಲಿ ಒಂದು ಪಾರ್ಕಿನ ಬಳಿ ಸೇರಿ, ರಾತ್ರಿಯಿಡೀ ತುಳಿದು, ಸುಮಾರು 180 ಕಿಲೋಮೀಟರು ಕ್ರಮಿಸಿ, ಬೆಳಿಗ್ಗೆ ಡನಿಚ್ಚಿನ ಕಡಲಿಗೆ ಬರುತ್ತಾರೆ. ಪಂದ್ಯವಲ್ಲ, ಬಹುಮಾನವಿಲ್ಲ, ಪ್ರವೇಶಪತ್ರವೂ ಇಲ್ಲ. ಇದಕ್ಕೆಂದೇ ನಾನು ಆ ದಿನವನ್ನು ಆರಿಸಿಕೊಂಡದ್ದು. ಕೆಲವರು ನನ್ನನ್ನೂ ಲಂಡನ್ನಿನಿಂದ ಬಂದವನೆಂದು ತಿಳಿದು ಶಹಬಾಸ್‌ಗಿರಿ ಕೊಟ್ಟರು. ಮೂರು ಮೈಲಿ ತುಳಿದವನು 110 ಮೈಲಿಯ ಹೊಗಳಿಕೆಯನ್ನು ಸುಮ್ಮನೆ ಸ್ವೀಕರಿಸಿದೆನೆಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಅವರೆಲ್ಲ ಬಂದು ಸೇರುವ ಡನಿಚ್ ಎಂಬ ಊರು ಬಹುಪಾಲು ನೀರಿನಲ್ಲಿದೆ. 1086ರ ಲೆಕ್ಕದ ಪುಸ್ತಕದಲ್ಲಿಯೇ ದೊಡ್ಡ ಪಟ್ಟಣವೆಂದು ಬರೆದಿರುವ, ಅರ್ಧ ಡಜನಿಗೂ ಹೆಚ್ಚು ಚರ್ಚುಗಳಿದ್ದ ಬಂದರು ಅದು. 1286ರಲ್ಲಿ, ಮತ್ತೆ 1328ರಲ್ಲಿ ಬಂದ ಬಿರುಗಾಳಿಗಳು ಬೀದಿ ಬೀದಿಗಳನ್ನು ಕೊಂಡೊಯ್ದು ಬಂದರಿನ ಬಾಯಿಗೆ ಕಲ್ಲುಮರಳು ತುಂಬಿದವು. ತರುವಾಯ ವರ್ಷ ವರ್ಷವೂ ದಂಡೆ ಕುಸಿಯುತ್ತ ಬಂತು. ಊರು ಹೋದರೂ 1832ರವರೆಗೆ ಅದು ಪಾರ್ಲಿಮೆಂಟಿಗೆ ಇಬ್ಬರು ಸದಸ್ಯರನ್ನು ಕಳಿಸುತ್ತಲೇ ಇತ್ತು! ಕಡೆಯದಾಗಿ ಉಳಿದಿದ್ದ ಆಲ್ ಸೇಂಟ್ಸ್ ಚರ್ಚು 1904ರಲ್ಲಿ ದಂಡೆಯ ಅಂಚಿಗೆ ಬಂತು. ಒಂದೊಂದು ಕಮಾನಾಗಿ ಬೀಳುತ್ತ, 1919ರಲ್ಲಿ ಗೋಪುರವೂ ಸಮುದ್ರದ ಪಾಲಾಯಿತು. ಅದರ ಒಂದು ಊರೆಗಂಬವನ್ನು ಮಾತ್ರ ಎತ್ತಿ ತಂದು ಊರೊಳಗಿನ ಚರ್ಚಿನ ಅಂಗಳದಲ್ಲಿ ನಿಲ್ಲಿಸಿದ್ದಾರೆ. ಬೈಸಿಕಲ್ ಯುಗದ ಉಚ್ಛ್ರಾಯವೂ ಆ ಚರ್ಚಿನ ಕುಸಿತವೂ ಒಂದೇ ಕಾಲದವು. ಬೀಳುವ ಮುನ್ನ ನೋಡಬೇಕೆಂದು ಬಂದವರಲ್ಲಿ ನಮ್ಮ ಬಟ್ಟೆ ಅಂಗಡಿಯ ಗುಮಾಸ್ತನೂ ಇದ್ದಿರಬಹುದು.

ದಂಡೆಯ ಉರುಟುಕಲ್ಲುಗಳ ಮೇಲೆ ನೂರಾರು ಬೈಸಿಕಲ್ಲುಗಳು ಒರಗಿದ್ದವು. ಕೆಲವರು ನಡುಗುತ್ತ ನೀರಿಗಿಳಿಯುತ್ತಿದ್ದರು. ಹಲವರು ಬಿದ್ದಲ್ಲಿಯೇ ನಿದ್ದೆ ಹೋಗಿದ್ದರು. ದಕ್ಷಿಣಕ್ಕೆ, ತೀರದ ತಿರುವಿನಲ್ಲಿ, ಸೈಜ್‌ವೆಲ್ ಅಣುವಿದ್ಯುತ್ ಕೇಂದ್ರದ ಬಿಳಿಯ ಗುಮ್ಮಟ. ಅದರ ಪಕ್ಕದಲ್ಲಿ ಈಗ ಇನ್ನೊಂದು ದೊಡ್ಡ ಕೇಂದ್ರದ ಕಟ್ಟಡ ನಡೆದಿದೆ. ಚಹಾದ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ ಹೆಣ್ಣುಮಗಳು ಮೊಣಕಾಲಿನ ಮೇಲಿನ ಬಿಗಿ ಚಲ್ಲಣ ತೊಟ್ಟಿದ್ದಳು, ಮೈಯೆಲ್ಲ ಧೂಳು. ಅಂಗಡಿಯಾಕೆ ತಲೆಯೆತ್ತಿಯೂ ನೋಡದೆ ಚಹಾ, ಮೊಟ್ಟೆ, ರೊಟ್ಟಿ ಕೊಟ್ಟಳು. ಲಂಡನ್ನಿನ ಆಸ್ಪತ್ರೆಯಲ್ಲಿ ದಾದಿಯಂತೆ. ಇದು ಅವಳ ಐದನೆಯ ಸಲವಂತೆ. ನನ್ನ ಬೈಸಿಕಲ್ಲನ್ನು ನೋಡಿ, "ಇದರಲ್ಲಿ ಬಂದಿರಾ!" ಎಂದು ಬೆರಗಾದಳು. ಈ ಸಲ ನಿಜ ಹೇಳಿದೆ. ಬಿಲ್ಲೆಯ ಮೇಲಿನ ಹಕ್ಕಿಯನ್ನು ಬೆರಳಿನಿಂದ ಒರೆಸಿ, "ಹೆರನ್. ಆ ಜೌಗಿನಲ್ಲಿ ಬೇಕಾದಷ್ಟಿವೆ, ನೋಡಿದಿರಾ?" ಎಂದಳು. ಚಿಕ್ಕಂದಿನಲ್ಲಿ ನಾನದನ್ನು ನಮ್ಮೂರ ಕೆರೆಯ ಕೊಕ್ಕರೆ ಎಂದುಕೊಂಡಿದ್ದೆ. ಬಹಳ ತಪ್ಪಾಗಿರಲಿಲ್ಲ.

ಅಷ್ಟು ಹೊತ್ತಿಗೆ ಫೋನು ಬಂತು. "ಅಣ್ಣ, ಎಲ್ಲಿದ್ದೀರಿ? ಕಾರು ತರ್ಲಾ?" ಎಂದಳು ಮಗಳು. ಬೇಡವೆಂದೆ. ಡಾರ್ಷಮ್ ಸ್ಟೇಷನ್ನಿಗೆ ಅಲ್ಲಿಂದ 6 ಮೈಲಿ. ಮುಚ್ಚಬೇಕೆಂದು 1963ರ ಬೀಚಿಂಗ್ ವರದಿ ಪಟ್ಟಿ ಮಾಡಿದ್ದ ರೈಲುದಾರಿಗಳಲ್ಲಿ ಅದೂ ಒಂದು. ಊರವರು ಹಟ ಹಿಡಿದು ಉಳಿಸಿಕೊಂಡರು. ಬೈಸಿಕಲ್ಲನ್ನೂ ಹತ್ತಿಸಿಕೊಳ್ಳುತ್ತಾರೆ. ಹಿಂದಿನ ಟೈರಿಗೆ ಸ್ವಲ್ಪ ಗಾಳಿ ಹೊಡೆದುಕೊಂಡು, ಮಲಗಿದ್ದವರ ಕಾಲುಗಳನ್ನು ದಾಟಿ, ಜೌಗಿನ ಕಡೆಯ ದಾರಿ ಹಿಡಿದೆ.